ರಾಜ್ಯಶಾಸ್ತ್ರ ಪದವಿಗೆ ಸುದ್ದಿಯ ಹುಚ್ಚು ಸಾಕೇ?

ಪ್ರಶ್ನೆ: ಮೇಡಂ, ಪದವಿಗೆ ರಾಜ್ಯಶಾಸ್ತ್ರ ತೆಗೆದುಕೊಳ್ಳಬೇಕೆಂದಿದ್ದೇನೆ. ಚುನಾವಣೆ ಫಲಿತಾಂಶದ ದಿನ ಊಟ, ನಿದ್ದೆ ಎರಡನ್ನೂ ಮರೆಯುವವನು ನಾನು. ಮನೆಯಲ್ಲಿ "ಓದಿ ರಾಜಕಾರಣಿ ಆಗುತ್ತೀಯಾ?" ಎಂದು ನಗುತ್ತಾರೆ. ಗಣಿತ ಕಂಡರೆ ಭಯ ಎನ್ನುವುದೂ ಒಂದು ಕಾರಣ. ನನ್ನ ಆಯ್ಕೆ ಸರಿಯೇ?

ಉತ್ತರ: ಸುದ್ದಿಯ ಹುಚ್ಚಿದ್ದವರು ಬೇಡ ಎನ್ನುವುದಿಲ್ಲ. ಆದರೆ ಮೊದಲ ವರ್ಷ ಹೆಚ್ಚು ಪೆಚ್ಚಾಗುವವರೂ ಅವರೇ. ಯಾರು ಗೆದ್ದರು ಎಂಬುದು ಟಿವಿಯವರ ಪ್ರಶ್ನೆ. ಎಣಿಸುವ ನಿಯಮ ಬೇರೆಯಾಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬುದು ನಮ್ಮದು. ಮೊದಲ ತರಗತಿಯಲ್ಲೇ ನಾನು ಕರಿಹಲಗೆಯ ಮೇಲೆ ಬರೆಯುವ ಲೆಕ್ಕ ಇದು:

100 ಮತದಾರರು, ಮೂವರು ಅಭ್ಯರ್ಥಿಗಳು. 40 ಜನರ ಇಷ್ಟದ ಕ್ರಮ ಅ, ಕ, ಬ. 35 ಜನರದು ಬ, ಕ, ಅ. ಉಳಿದ 25 ಜನರದು ಕ, ಬ, ಅ.

ಹೆಚ್ಚು ಮತ ಪಡೆದವರೇ ಗೆಲ್ಲುವುದಾದರೆ ಅ. ಕೊನೆಯವರನ್ನು ಕೈಬಿಟ್ಟು ಎರಡನೇ ಸುತ್ತು ನಡೆಸಿದರೆ ಕ-ನ 25 ಮತಗಳು ಬ-ಗೆ ಹೋಗಿ 60–40ರಿಂದ ಬ ಗೆಲ್ಲುತ್ತಾರೆ. ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿದರೆ? ನೀವೇ ಹಾಳೆ ತೆಗೆದುಕೊಂಡು ನೋಡಿ. ಜನರ ಮನಸ್ಸು ಒಂದಿಷ್ಟೂ ಬದಲಾಗಿಲ್ಲ ಎಂಬುದು ನೆನಪಿರಲಿ. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಇಂಥ ತೊಡಕುಗಳ ಬೆನ್ನು ಹತ್ತಿದ್ದ.

ಇದರಲ್ಲಿ ಕೂಡುವುದು ಬಿಟ್ಟರೆ ಗಣಿತವೇನಿದೆ? ಮುಂದೆ ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರ ಸ್ವಲ್ಪ ಬರಬಹುದು. ಅದಕ್ಕೆ ಹೆದರಿ ಓಡಬೇಡಿ. ನಿಜವಾದ ಹೊರೆ ಓದಿನದು. ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್‌ ರಾಜ್ಯಾಧಿಕಾರದ ಬಗ್ಗೆ ಬರೆದ 'ಲೆವಿಯಾಥನ್' ಪುಸ್ತಕ 1651ರದು. ಇಂಗ್ಲೆಂಡಿನ ಅಂತರ್ಯುದ್ಧದ ಹಿನ್ನೆಲೆ ತಿಳಿಯದೆ ಓದಿದರೆ ಅವನು ನಿರಂಕುಶ ಪ್ರಭುತ್ವದ ವಕೀಲನಂತೆ ಕಾಣುತ್ತಾನೆ, ತಿಳಿದು ಓದಿದರೆ ಬೆಚ್ಚಿಬಿದ್ದ ಮನುಷ್ಯನಂತೆ. ಆ ವ್ಯತ್ಯಾಸವನ್ನು ನಾಲ್ಕು ಪುಟಗಳಲ್ಲಿ ಬರೆದು ತೋರಿಸಬೇಕು. "ನನ್ನ ಪ್ರಕಾರ" ಎಂದು ಶುರುವಾಗುವ ಉತ್ತರ ಪತ್ರಿಕೆಗಳನ್ನು ಕಂಡರೆ, ಕ್ಷಮಿಸಿ, ನನ್ನ ಕೆಂಪು ಪೆನ್ನು ತಾನಾಗಿ ಏಳುತ್ತದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಮಗಳೂ ಇದೇ ಹಟ ಹಿಡಿದಿದ್ದಾಳೆ. ಓದಿದ ಮೇಲೆ ಕೆಲಸದ ಗತಿ ಏನು ಮೇಡಂ?

ಉತ್ತರ: ವೈದ್ಯ ಪದವಿಯಂತೆ ಇದು ಕೈಗೊಂದು ವೃತ್ತಿ ಕೊಡುವುದಿಲ್ಲ, ಸುಳ್ಳು ಹೇಳಲಾರೆ. ಕಾನೂನು, ಪತ್ರಿಕೋದ್ಯಮ, ಆಡಳಿತ ಸೇವೆ, ಸಂಶೋಧನೆ ಎಂದು ಹಲವು ಕಡೆ ಹೋಗುತ್ತಾರೆ, ಬಹುತೇಕ ಇನ್ನೊಂದು ಓದು ಅಥವಾ ಪರೀಕ್ಷೆ ದಾಟಿ. ಜೊತೆಗೆ ಅರ್ಥಶಾಸ್ತ್ರವನ್ನೋ ಒಂದು ವಿದೇಶಿ ಭಾಷೆಯನ್ನೋ ಕಲಿಯಲಿ. ಅಂಕಿ-ಅಂಶ ವಿಶ್ಲೇಷಿಸುವುದು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಮೊದಲ ಪ್ರಶ್ನೆಯವರು: ಮೇಡಂ, ಮಾಡಿ ನೋಡಿದೆ. ಕ ಇಬ್ಬರನ್ನೂ ಸೋಲಿಸುತ್ತಾರೆ! ಅ ವಿರುದ್ಧ 60–40, ಬ ವಿರುದ್ಧ 65–35. ಮೊದಲ ಸುತ್ತಿನಲ್ಲಿ ಕೊನೆಗೆ ಬಂದವರು ಇವರೇ ಅಲ್ಲವೇ?

ಉತ್ತರ: ಹೌದು, ಅವರೇ. ಈಗ ಎರಡು ಸುತ್ತಿನ ಚುನಾವಣೆಗೆ ಮರಳಿ. ನೀವು ಅ-ನ 40 ಮತದಾರರಲ್ಲಿ ಒಬ್ಬರು, ಬ ಗೆಲ್ಲುವುದು ನಿಮಗೆ ಮೊದಲೇ ಗೊತ್ತು. ನೀವು ನಲವತ್ತೂ ಜನ ಕೂಡಿ ಮೊದಲ ಸುತ್ತಿನಲ್ಲಿ ಯಾರಿಗೆ ಮತ ಹಾಕುತ್ತೀರಿ?