ಪೋರ್ಚುಗಲ್‌ನ ಹಳೇ ಶೈಲಿಯ ಹೋಟೆಲಲ್ಲಿ ಆರು ಜನ, ಅದರಲ್ಲಿಬ್ಬರು ಸಸ್ಯಾಹಾರಿಗಳು: ಊಟ ಹೇಗೆ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಗೆಳೆಯರು ಆರು ಜನ ಲಿಸ್ಬನ್ ಮತ್ತು ಪೋರ್ಟೊಗೆ ಹೊರಟಿದ್ದೇವೆ. ಇಬ್ಬರು ಸಸ್ಯಾಹಾರಿಗಳು (ಮೊಟ್ಟೆ ನಡೆಯುತ್ತದೆ), ಒಬ್ಬರು ದನದ ಮಾಂಸ ಮುಟ್ಟುವುದಿಲ್ಲ. ಪ್ರವಾಸಿಗರ ಹೋಟೆಲ್ ಬೇಡ, ಊರಿನವರು ಉಣ್ಣುವ 'ತಾಸ್ಕಾ'ಗಳಿಗೇ ಹೋಗಬೇಕು ಅಂತ ಆಸೆ. ಹೇಗೆ ಆರ್ಡರ್ ಮಾಡಬೇಕು, ಎಲ್ಲಿ ಎಡವುತ್ತೇವೆ, ಬಲ್ಲವರು ಹೇಳಿ.

ಉತ್ತರ 1
ಮೊದಲು ಸಮಯ. ಮಧ್ಯಾಹ್ನದ ಊಟ 12.30ರಿಂದ, ಮೂರರ ಹೊತ್ತಿಗೆ ಅಡುಗೆಮನೆ ಬಂದ್. ರಾತ್ರಿ 7.30ಕ್ಕಿಂತ ಮುಂಚೆ ಹೆಚ್ಚಿನ ಕಡೆ ಒಲೆಯೇ ಹಚ್ಚಿರುವುದಿಲ್ಲ. ನಡುವೆ ಹಸಿವಾದರೆ ಬೇಕರಿಯೇ ಗತಿ. ಭಾನುವಾರ ರಾತ್ರಿ ಇಲ್ಲವೇ ಸೋಮವಾರ ಬಾಗಿಲು ಹಾಕುವ ಜಾಗಗಳು ಬಹಳ. ತಾಸ್ಕಾಗಳಲ್ಲಿ ಟೇಬಲ್‌ಗಳು ಚಿಕ್ಕವು, ಆರು ಜನ ಸುಮ್ಮನೆ ಹೋಗಿ ನಿಂತರೆ ಇಬ್ಬರಿಬ್ಬರನ್ನು ಬೇರೆ ಬೇರೆ ಕೂರಿಸುತ್ತಾರೆ. ಹಿಂದಿನ ದಿನ ಫೋನ್ ಮಾಡಿ, ಅಥವಾ ಬೆಳಿಗ್ಗೆ ಆ ಕಡೆ ಹೋದಾಗ ಒಳಗೆ ಹೋಗಿ ಹೇಳಿ ಬನ್ನಿ.

ಜಾಗ ಆರಿಸುವುದು ಕಷ್ಟವಲ್ಲ. ಗಾಜಿಗೆ ಅಂಟಿಸಿದ ಕೈಬರಹದ ಚೀಟಿ, ಕಾಗದದ ಮೇಜುಹಾಸು, ಒಂದು ಗಂಟೆಗೆ ಕೆಲಸದ ಬಟ್ಟೆಯಲ್ಲೇ ಬಂದು ಕೂತವರು ಕಂಡರೆ ನುಗ್ಗಿ. ಬಾಗಿಲಲ್ಲಿ ನಿಂತು ಫೋಟೊ ಮೆನು ತೋರಿಸಿ ಕರೆಯುತ್ತಿದ್ದರೆ ಮುಂದೆ ನಡೆಯಿರಿ.

ಉತ್ತರ 2
ಎಲ್ಲರೂ ಎಡವುವ ಜಾಗ 'ಕುವೆರ್'. ಕೂತ ತಕ್ಷಣ ಕೇಳದೆಯೇ ಬ್ರೆಡ್, ಆಲಿವ್, ಬೆಣ್ಣೆ, ಮೀನಿನ ಪೇಸ್ಟ್, ಕೆಲವೊಮ್ಮೆ ಇಡೀ ಚೀಸ್ ಉಂಡೆ ತಂದಿಡುತ್ತಾರೆ. ಇದು ನಮ್ಮಲ್ಲಿ ಎಲೆ ತುದಿಗೆ ಬಡಿಸುವ ಉಪ್ಪಿನಕಾಯಿಯಂತೆ ಬಿಟ್ಟಿಯಲ್ಲ, ಒಂದೊಂದಕ್ಕೂ ಬೆಲೆ ಇದೆ. ಬ್ರೆಡ್, ಆಲಿವ್ ಅಗ್ಗ. ಚೀಸ್ ಮತ್ತು ಹ್ಯಾಮ್ ತಟ್ಟೆಗಳೇ ಬಿಲ್ಲನ್ನು ಏರಿಸುವುದು. 2015ರ ಕಾನೂನಿನ ಪ್ರಕಾರ ನೀವು ಕೇಳದೆ, ಮುಟ್ಟದೆ ಬಿಟ್ಟ ಕುವೆರ್‌ಗೆ ಹಣ ತೆಗೆದುಕೊಳ್ಳುವಂತಿಲ್ಲ. ಆದರೆ ಒಂದು ಆಲಿವ್ ಬಾಯಿಗೆ ಹಾಕಿದರೂ ಆ ಬಟ್ಟಲು ನಿಮ್ಮದೇ. ಆರು ಜನರಲ್ಲಿ ಯಾರಾದರೊಬ್ಬರು ಮಾತಾಡ್ತಾ ಕೈ ಹಾಕಿಯೇ ಹಾಕುತ್ತಾರೆ. ಬೇಡದ್ದನ್ನು ಆಗಲೇ ತೋರಿಸಿ "ಪೋದ್ ಲೆವಾರ್, ಒಬ್ರಿಗಾದು" (ತೆಗೆದುಕೊಂಡು ಹೋಗಬಹುದು, ಧನ್ಯವಾದ) ಅನ್ನಿ. ಹೆಂಗಸರು 'ಒಬ್ರಿಗಾದ' ಅನ್ನಬೇಕು. ಯಾರೂ ಮುಖ ಸಿಂಡರಿಸುವುದಿಲ್ಲ, ಅಲ್ಲಿಯವರೂ ಹಾಗೇ ಕಳಿಸುತ್ತಾರೆ.

ಪ್ರಮಾಣ: ಮೆನುವಿನಲ್ಲಿ 'ದೋಜ್' ಮತ್ತು 'ಮೈಯಾ ದೋಜ್' ಅಂತ ಎರಡು ಬೆಲೆ ಇರುತ್ತದೆ, ಪೂರ್ತಿ ಮತ್ತು ಅರ್ಧ. ಪೂರ್ತಿ ಅನ್ನುವುದು ಇಬ್ಬರಿಗೆ, ಕೆಲವು ಕಡೆ ಮೂವರಿಗೆ. ಮೀನು ಮಾಂಸ ತಿನ್ನುವ ನಾಲ್ವರಿಗೆ ಎರಡು ದೋಜ್ ಧಾರಾಳ. ಮಧ್ಯಾಹ್ನ 'ಪ್ರಾತು ದು ದಿಯ' (ದಿನದ ಅಡುಗೆ) ಕೇಳಿ. ಬೇಗ ಬರುತ್ತದೆ, ಬಿಸಿಯಾಗಿರುತ್ತದೆ, ಅಗ್ಗವೂ ಹೌದು.

ಉತ್ತರ 3 (ಸಸ್ಯಾಹಾರಿಗಳಿಗೆ)
"ಮಾಂಸ ಬೇಡ" ಅಂದರೆ ಸಾಲದು. ಅಲ್ಲಿ 'ಕಾರ್ನ್' ಅಂದರೆ ಬಹಳ ಜನರ ಲೆಕ್ಕದಲ್ಲಿ ತುಂಡು ಮಾಂಸ. ಹ್ಯಾಮ್ ಚೂರು, ಹಂದಿ ಕೊಬ್ಬು, ಮೀನು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಬೇಡದ್ದನ್ನೆಲ್ಲ ಒಂದೊಂದಾಗಿ ಹೇಳಿ: ಮಾಂಸ, ಮೀನು, ಶೋರಿಸು (ಹಂದಿ ಸಾಸೇಜ್), ಪ್ರೆಝುಂತು (ಒಣ ಹ್ಯಾಮ್), ಬಾನ್ಯ (ಹಂದಿ ಕೊಬ್ಬು). ಈ ಐದು ಪದ ಪೋರ್ಚುಗೀಸ್‌ನಲ್ಲಿ ಚೀಟಿಯಲ್ಲಿ ಬರೆದು ತೋರಿಸಿದರೆ ಅಡುಗೆಮನೆವರೆಗೂ ಸುದ್ದಿ ಸರಿಯಾಗಿ ತಲುಪುತ್ತದೆ.

ಸೂಪ್ ಬಗ್ಗೆ ಎಚ್ಚರ. ಕಾಲ್ದು ವೆರ್ದ್ ನೋಡಲು ಆಲೂಗಡ್ಡೆ ಗಂಜಿಯಲ್ಲಿ ಸಣ್ಣಗೆ ಹೆಚ್ಚಿದ ಸೊಪ್ಪು. ಆದರೆ ಶೋರಿಸು ಬಿಲ್ಲೆ ಮೇಲೆ ಬೀಳುತ್ತದೆ, ಕೆಲವು ಕಡೆ ಅದು ಗಂಜಿಯಲ್ಲೇ ಕುದ್ದಿರುತ್ತದೆ. ಬಿಲ್ಲೆ ಎತ್ತಿಟ್ಟರೆ ಏನೂ ಬದಲಾಗುವುದಿಲ್ಲ. 'ಸೋಪ ದ ಲೆಗುಮ್ಸ್' (ರುಬ್ಬಿದ ತರಕಾರಿ ಸೂಪ್) ಹೆಚ್ಚು ಸುರಕ್ಷಿತ, ಆದರೂ "ಲೆವ ಕಾರ್ನ್?" (ಮಾಂಸ ಹಾಕುತ್ತೀರಾ?) ಎಂದು ಕೇಳಿ. ಬೀನ್ಸ್ ಅನ್ನದಲ್ಲಿ ಹಂದಿ ಚೂರು ಇರಬಹುದು, ಟೊಮೆಟೊ ಅನ್ನ ಸಾಮಾನ್ಯವಾಗಿ ಶುದ್ಧ. ಅಲೆಂತೇಜು ಕಡೆಯ 'ಅಸೋರ್ದ' ಅಂದರೆ ಬ್ರೆಡ್, ಬೆಳ್ಳುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆ, ಮೇಲೊಂದು ಮೊಟ್ಟೆ. ಬಾಯಿಗೆ ಹಿತ, ಆದರೆ ಅದಕ್ಕೆ ಹಾಕುವ ಬಿಸಿನೀರು ಮೀನು ಬೇಯಿಸಿದ ನೀರೂ ಆಗಿರಬಹುದು, ಕೇಳಿಕೊಳ್ಳಿ.

ಹೆದರದೆ ಹೇಳಬಹುದಾದದ್ದು 'ಪೈಶೀನ್ಯುಷ್ ದ ಓರ್ತ'. ಹೆಸರಲ್ಲಿ ಮೀನಿದೆ, ತಟ್ಟೆಯಲ್ಲಿರುವುದು ಮೊಟ್ಟೆ ಹಿಟ್ಟಿನಲ್ಲಿ ಕರಿದ ಹುರುಳಿಕಾಯಿ. ಮೀನು ಮಾಂಸ ಕರಿಯುವ ಎಣ್ಣೆ ಬೇರೆಯೇ ಅಂತ ಮಾತ್ರ ಕೇಳಬೇಕು. ಇನ್ನು ಚೀಸ್: ಸೆರ್ರ ದ ಇಶ್ತ್ರೆಲ, ಅಝೈತಾಂವ್ ಇವೆರಡೂ ಕುರಿ ಹಾಲಿನವು, ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್‌ನಿಂದಲ್ಲ, ಕಾರ್ಡೂನ್ ಎಂಬ ಮುಳ್ಳುಗಿಡದ ಹೂವಿನಿಂದ. ಹಾಗಾಗಿ ಕುವೆರ್‌ನಲ್ಲಿ ನಿಜವಾಗಿ ಸಸ್ಯಾಹಾರಿಗೆ ದುಡ್ಡು ಕೊಟ್ಟು ತಿನ್ನಲು ಯೋಗ್ಯವಾದದ್ದು ಇದೇ.

ಸಿಹಿಗೆ ಅಕ್ಕಿ ಪಾಯಸದಂಥ 'ಅರೋಶ್ ದೋಸ್' ಇದೆ. ಮೊಟ್ಟೆ ನಡೆಯುತ್ತದೆ ಅಂದಿರಿ, ಸರಿ. ಆದರೆ ಬ್ರಾಗ ಕಡೆಯ 'ಪುದಿಂ ಅಬಾದ್ ದ ಪ್ರಿಶ್ಕುಶ್' ಮುಟ್ಟಬೇಡಿ, ಅದರಲ್ಲಿ ಹಂದಿ ಕೊಬ್ಬು ಸೇರುತ್ತದೆ. ಸಿಹಿಯಲ್ಲಿ ಅದನ್ನು ಯಾರೂ ಊಹಿಸುವುದಿಲ್ಲ.

ಉತ್ತರ 4
ದನದ ಮಾಂಸ ತಿನ್ನದವರಿಗೆ: 'ವಾಕ' ದನ, 'ವಿತೆಲ' ಎಳೆಗರು, 'ಬೀಫ್' ಎಂದರೆ ಸ್ಟೇಕ್. ಬಿತೋಕ್ (ಮೇಲೆ ಮೊಟ್ಟೆ ಇಟ್ಟ ಸ್ಟೇಕ್), ಪ್ರೇಗು (ಸ್ಟೇಕ್ ಸ್ಯಾಂಡ್‌ವಿಚ್) ಎರಡೂ ಸಾಮಾನ್ಯವಾಗಿ ದನದ ಮಾಂಸವೇ. ಪೋರ್ಟೊದ ಫ್ರಾನ್ಸೆಝೀನ್ಯ ಅಂತೂ ಸ್ಟೇಕ್, ಸಾಸೇಜ್, ಹ್ಯಾಮ್ ಒಟ್ಟಿಗೆ ಹಾಕಿದ ಸ್ಯಾಂಡ್‌ವಿಚ್, ಮೇಲೆ ಬಿಯರ್ ಹಾಕಿದ ಸಾಸು. ಅವರಿಗೆ ಕೋಳಿ (ಫ್ರಾಂಗು), ಬಾತುಕೋಳಿ ಅನ್ನ, ಬಕಲ್ಯಾವ್ (ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು) ಇವೆ. ಬಕಲ್ಯಾವ್‌ನಲ್ಲಿ 'ಅ ಬ್ರಾಶ್' ಅಂದರೆ ಎಸಳು ಎಸಳಾಗಿ ಬಿಡಿಸಿ ಮೊಟ್ಟೆ, ಆಲೂ ಸೀಳುಗಳೊಂದಿಗೆ ಹುರಿದದ್ದು, ಮೀನಿನ ಮುಳ್ಳು ಬಿಡಿಸಲು ಬಾರದವರಿಗೆ ಅದೇ ಅನುಕೂಲ. ಸುಟ್ಟದ್ದು ಬೇಕಾದರೆ 'ಅ ಲಗರೈರು'. ಎರಡರಲ್ಲೂ ಉಪ್ಪು ಮುಂದು.

ಕಿಲೋ ಲೆಕ್ಕದ ಮೀನಿನಲ್ಲೇ ಬಿಲ್ ಏರುವುದು. ಮೆನುವಿನಲ್ಲಿ ಬೆಲೆಯ ಪಕ್ಕ '/ಕಿಲೋ' ಅಂತಿದ್ದರೆ ಮೀನು ಆರಿಸಿ ತೂಗಿಸಿ, ದುಡ್ಡು ಎಷ್ಟಾಗುತ್ತೆ ಅಂತ ಬಾಯಿಬಿಟ್ಟು ಕೇಳಿ. ಕಿಲೋಗೆ 45 ಯೂರೋ ಇರುವ ಮೀನು 1.2 ಕಿಲೋ ತೂಗಿದರೆ 54 ಯೂರೋ. ನೀವು ನೋಡಿಕೊಂಡದ್ದು ಮೆನುವಿನ 45 ಮಾತ್ರ. ಸುಟ್ಟ ಸಾರ್ಡೀನ್ ತಟ್ಟೆ ಲೆಕ್ಕ, ಸೆಪ್ಟೆಂಬರ್‌ನಲ್ಲಿ ಅದರ ಸೀಸನ್ ಇನ್ನೂ ಇರುತ್ತದೆ.

ಉತ್ತರ 5
ಖಾರದ ಮಾತ ಯಾರೂ ಎತ್ತಲಿಲ್ಲಲ್ರೀ. ಅಲ್ಲಿ ಅಡಿಗಿಗೆ ಉಪ್ಪು, ಬೆಳ್ಳುಳ್ಳಿ, ಆಲಿವ್ ಎಣ್ಣಿ ಅಷ್ಟ. "ತೈಂ ಪಿರಿ-ಪಿರಿ?" ಅಂತ ಕೇಳ್ರಿ, ಮೆಣಸಿನಕಾಯಿ ಎಣ್ಣಿ ಬಾಟ್ಲಿ ತಂದಿಡ್ತಾರ. ಮೊದಲ ಎರಡ ಹನಿ ಹಾಕಿ ನೋಡ್ರಿ, ಹೋಟೆಲಿನಿಂದ ಹೋಟೆಲಿಗೆ ಖಾರ ಬ್ಯಾರೆ. ಬಿಯರ್‌ಗೆ ಲಿಸ್ಬನ್‌ನಾಗ 'ಇಂಪೆರಿಯಾಲ್', ಪೋರ್ಟೊದಾಗ 'ಫೀನು', 200 ಎಂ.ಎಲ್. ಗ್ಲಾಸು. ವೈನ್ ಅಂದ್ರ ಹೋಟೆಲಿನದ್ದ ವೈನ್, ಅರ್ಧ ಲೀಟರ್ ಹೂಜಿ ಸಾಕು.

ಉತ್ತರ 6
ಬಿಲ್ ಕೇಳುವ ತನಕ ಬರುವುದಿಲ್ಲ. ಕಾಯ್ತಾ ಕೂತರೆ ಸಂಜೆಯಾಗುತ್ತೆ ಮಾರಾಯ್ರೇ. "ಆ ಕೋಂತ, ಪುರ್ ಫವೋರ್" ಅನ್ನಿ. ಬಿಲ್ ಬಂದ ಮೇಲೆ ಕುವೆರ್ ಸಾಲುಗಳನ್ನು ಒಂದೊಂದಾಗಿ ನೋಡಿ, ತಪ್ಪಿದ್ದರೆ ಅಲ್ಲೇ ಹೇಳಿ. ತೆರಿಗೆ ಬೆಲೆಯಲ್ಲೇ ಸೇರಿರುತ್ತದೆ. ಟಿಪ್ಸ್ ಕಡ್ಡಾಯವಲ್ಲ, ಒಂದೆರಡು ಯೂರೋ ಬಿಟ್ಟರೂ ಸಾಕು. "ಕೋಂತ್ರಿಬುಯಿಂತ್?" ಅಂತ ಕೇಳಿದರೆ ಅದು ಅಲ್ಲಿಯವರ ತೆರಿಗೆ ಸಂಖ್ಯೆ, "ನಾಂವ್" ಅಂದುಬಿಡಿ.

ಸಣ್ಣ ತಾಸ್ಕಾಗಳಲ್ಲಿ 'ಮುಲ್ತಿಬಾಂಕು' ಅಂತ ಬೋರ್ಡ್ ಇದ್ದರೂ ಅದು ಪೋರ್ಚುಗಲ್ ಬ್ಯಾಂಕಿನ ಕಾರ್ಡಿಗೆ ಮಾತ್ರ ಇರಬಹುದು. ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತಾ ಅಂತ ಕೂರುವ ಮೊದಲೇ ಕೇಳಿ, ಇಲ್ಲವಾದರೆ ನಗದು ಇರಲಿ. ಮಶೀನು ರೂಪಾಯಿಯಲ್ಲಿ ಕೊಡ್ತೀರಾ ಅಂತ ಕೇಳಿದರೆ ಯೂರೋ ಒತ್ತಿ, ಅವರ ಪರಿವರ್ತನೆ ದರ ದುಬಾರಿ. ಬಿಲ್ ಆರು ಭಾಗ ಮಾಡಿ ಅಂತ ಕೊನೆಗೆ ಹೇಳಿದರೆ ಒಬ್ಬನೇ ಓಡಾಡುವ ಜಾಗದಲ್ಲಿ ಕೋಪ ಬರುವುದು ಸಹಜ. ಒಬ್ಬರು ಕೊಟ್ಟು ಆಮೇಲೆ ಹಂಚಿಕೊಳ್ಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಫಾದು (ಅಲ್ಲಿನ ಸಾಂಪ್ರದಾಯಿಕ ಹಾಡು) ಹಾಡುವ ಜಾಗಕ್ಕೂ ಹೋಗಬೇಕೆಂದಿದ್ದೇವೆ. ಅಲ್ಲಿಯೂ ಇದೇ ಲೆಕ್ಕವೇ?

ಉತ್ತರ 6: ಅಲ್ಲ. ಅಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಕನಿಷ್ಠ ಬಿಲ್ ಇರುತ್ತದೆ, ಬುಕ್ ಮಾಡುವಾಗಲೇ ಮೊತ್ತ ಕೇಳಿ. ಹಾಡು ಶುರುವಾದರೆ ದೀಪ ಕಡಿಮೆ ಮಾಡುತ್ತಾರೆ, ಬಡಿಸುವುದು ನಿಲ್ಲುತ್ತದೆ, ಮಾತಾಡುವ ಹಾಗಿಲ್ಲ. ಹಾಡುಗಳ ನಡುವಿನ ಬಿಡುವಿನಲ್ಲೇ ಎಲ್ಲ ಆರ್ಡರ್ ಕೊಟ್ಟು ಮುಗಿಸಿಕೊಳ್ಳಿ, ಸಸ್ಯಾಹಾರಿಗಳಿಗೆ ಏನಿದೆ ಎಂಬುದನ್ನೂ ಬುಕಿಂಗ್ ವೇಳೆಯೇ ಬರೆಸಿಬಿಡಿ.