ಕಳ್ಳರ ಭಯಕ್ಕೆ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಸರಿಯೇ?

ಪ್ರಶ್ನೆ

ಮೂರು ವಾರಗಳ ಹಿಂದೆ, ರಾತ್ರಿ ಎರಡು ಗಂಟೆಯ ಸುಮಾರಿಗೆ, ಯಾರೋ ನಮ್ಮ ಮನೆಯ ಹಿಂಬಾಗಿಲನ್ನು ಮೀಟಿ ತೆರೆಯಲು ಯತ್ನಿಸಿದರು. ನಾನು ದೀಪ ಹಾಕಿ ಕೂಗಿಕೊಂಡಾಗ ಓಡಿಹೋದರು. ಬೆಳಿಗ್ಗೆ ನೋಡಿದರೆ ಚಿಲಕದ ಕೊಂಡಿ ಚೌಕಟ್ಟಿನಿಂದ ಅರ್ಧ ಕಿತ್ತುಬಂದಿತ್ತು. ಅದನ್ನು ಹಿಡಿದಿಟ್ಟಿದ್ದ ಎರಡು ಸ್ಕ್ರೂಗಳಲ್ಲಿ ಒಂದು ನೆಲದ ಮೇಲೆ ಬಿದ್ದಿತ್ತು. ಅಂದಿನಿಂದ ಎಲೆ ಅಲುಗಿದರೂ ನನಗೆ ಎಚ್ಚರವಾಗುತ್ತದೆ. ಮನೆಯಲ್ಲಿ ಹೆಂಡತಿ, 7 ಮತ್ತು 13 ವರ್ಷದ ಇಬ್ಬರು ಮಕ್ಕಳು, ರಾತ್ರಿ ಎರಡು ಮೂರು ಸಲ ಎದ್ದು ಓಡಾಡುವ ವಯಸ್ಸಾದ ತಾಯಿ ಇದ್ದಾರೆ. ಪರವಾನಗಿ ಪಡೆದು ಒಂದು ಪಿಸ್ತೂಲು ಇಟ್ಟುಕೊಳ್ಳೋಣವೆಂದು ನಾನು ಬಹುತೇಕ ನಿರ್ಧರಿಸಿದ್ದೇನೆ. ಹೆಂಡತಿ ಬೇಡವೇ ಬೇಡ ಎನ್ನುತ್ತಿದ್ದಾಳೆ. ಅದು ನಿಜವಾಗಿಯೂ ರಕ್ಷಣೆ ಕೊಡುತ್ತದೆಯೇ, ಕೊಡುವುದಾದರೆ ಮಕ್ಕಳಿರುವ ಮನೆಯಲ್ಲಿ ಎಲ್ಲಿ, ಹೇಗೆ ಇಡಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಾನು ಹಲವು ವರ್ಷಗಳಿಂದ ಗುರಿ ಅಭ್ಯಾಸ ಮಾಡುತ್ತಿರುವವನು, ಮನೆಯಲ್ಲಿ ಪರವಾನಗಿಯ ಪಿಸ್ತೂಲು ಇದೆ. ಆದ್ದರಿಂದ ಆಯುಧವೆಂದರೆ ಹೌಹಾರುವವನ ಮಾತು ಇದೆಂದು ದಯವಿಟ್ಟು ತಿಳಿಯಬೇಡಿ. ನಿಮ್ಮ ಕೊನೆಯ ಪ್ರಶ್ನೆಯಲ್ಲಿಯೇ ಇಡೀ ಸಮಸ್ಯೆ ಅಡಗಿದೆ. ಮಕ್ಕಳ ಕೈಗೆ ಸಿಗಬಾರದೆಂದರೆ ಪಿಸ್ತೂಲನ್ನು ಖಾಲಿ ಮಾಡಿ ಬೀಗದ ಪೆಟ್ಟಿಗೆಯಲ್ಲಿಡಬೇಕು, ಗುಂಡುಗಳನ್ನು ಬೇರೊಂದು ಕಡೆ ಬೀಗ ಹಾಕಿಡಬೇಕು. ಹಾಗೆ ಇಟ್ಟದ್ದು ಬೇಕಾದ ಗಳಿಗೆಯಲ್ಲಿ ಕೈಗೆ ಬರುವುದಿಲ್ಲ. ತಟ್ಟನೆ ಕೈಗೆ ಬರುವಂತೆ ಗುಂಡು ತುಂಬಿ ದಿಂಬಿನ ಬಳಿ ಇಟ್ಟರೆ ಅದು ಮಕ್ಕಳಿಗೂ ಅಷ್ಟೇ ಬೇಗ ಸಿಗುತ್ತದೆ.

ಒಮ್ಮೆ ನಾನೇ ಪರೀಕ್ಷಿಸಿ ನೋಡಿದೆ. ನಡುರಾತ್ರಿ ಯಾವುದಾದರೂ ಹೊತ್ತಿನಲ್ಲಿ ಎಬ್ಬಿಸಿ, ಗಡಿಯಾರ ಹಿಡಿದು ಸಮಯ ನೋಡಬೇಕೆಂದು ಮಡದಿಗೆ ಹೇಳಿಟ್ಟಿದ್ದೆ. ಕತ್ತಲೆಯಲ್ಲಿ ಬೀಗದ ಕೈ ಎರಡು ಸಲ ತಲೆಕೆಳಗಾಗಿ ಹೊಕ್ಕಿತು, ಗುಂಡು ತುಂಬಿಡುವ ಮ್ಯಾಗಜೀನ್ ಕೈಜಾರಿ ಮಂಚದ ಕೆಳಗೆ ಹೋಯಿತು, ಎಲ್ಲ ಸೇರಿ ಮುಕ್ಕಾಲು ನಿಮಿಷ ಹಿಡಿಯಿತು. ಅದು ಕೇವಲ ಪರೀಕ್ಷೆಯೆಂದು ಗೊತ್ತಿದ್ದರೂ ಬೆರಳುಗಳು ನಡುಗುತ್ತಿದ್ದವು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನವೊಂದು ನಮ್ಮ ವಲಯದಲ್ಲಿ ಬಹಳ ಹೆಸರಾಗಿದೆ: ಚಾಕು ಹಿಡಿದವನೊಬ್ಬ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ ಎಂಬುದು ಅದರ ಸಾರ. ಮನೆಯ ಕೋಣೆಗಳು ಅಷ್ಟು ಉದ್ದವೂ ಇರುವುದಿಲ್ಲ. ಗುರಿ ತಪ್ಪಿದ ಗುಂಡು ತೆಳುವಾದ ಹಲಗೆಯ ಗೋಡೆಯನ್ನು ತೂರಿಕೊಂಡು ಪಕ್ಕದ ಕೋಣೆಗೆ ಹೋಗಬಲ್ಲದೆಂಬುದನ್ನೂ, ಆ ಕೋಣೆಯಲ್ಲಿ ಮಲಗಿರುವವರು ಯಾರೆಂಬುದನ್ನೂ ನೆನಪಿಡಿ.

ಎರಡನೆಯ ಉತ್ತರ

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಆಯುಧ ಇಟ್ಟುಕೊಳ್ಳುವವರು ಹೊರಗಿನವನನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಮನೆಯೊಳಗಿನವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1993ರಲ್ಲಿ ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಬಂದೂಕು ಇರುವ ಮನೆಗಳಲ್ಲಿ ಕೊಲೆ ನಡೆಯುವ ಸಂಭವ ಸುಮಾರು 2.7 ಪಟ್ಟು ಹೆಚ್ಚಿತ್ತು. ಅಪಾಯವಿರುವವರೇ ಬಂದೂಕು ಕೊಳ್ಳುತ್ತಾರೆ, ಹಾಗಾಗಿ ಯಾವುದು ಕಾರಣ ಯಾವುದು ಪರಿಣಾಮ ಎಂದು ಹೇಳಲಾಗದು ಎಂಬ ಆಕ್ಷೇಪ ಆಗಲೇ ಬಂದಿತ್ತು. ಅದು ನ್ಯಾಯವಾದ ಆಕ್ಷೇಪವೇ. ಆದರೆ ಕ್ಯಾಲಿಫೋರ್ನಿಯಾದ ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಅನುಸರಿಸಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೂ, ಕೈಬಂದೂಕು ಹೊಂದಿದವರೊಂದಿಗೆ ಒಂದೇ ಮನೆಯಲ್ಲಿ ವಾಸಿಸುವ ವಯಸ್ಕರು ಕೊಲೆಯಾಗುವ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚು ಎಂದೇ ತೋರಿಸಿತು.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಕೈಯಳತೆಯಲ್ಲಿ ಬಂದೂಕು ಇಲ್ಲದೆ, ಸಾಯಬೇಕೆನಿಸಿದ ಆ ಗಳಿಗೆ ದಾಟಿಹೋದ ಮಕ್ಕಳು ಮರುದಿನ ಹಾಸಿಗೆಯ ಮೇಲೆ ಎದ್ದು ಕೂತು ಅಮ್ಮನನ್ನು ಕೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ದೊಡ್ಡ ಮಗುವಿಗೆ 13 ವರ್ಷ. ಬೀಗದ ಕೈ ಎಲ್ಲಿದೆಯೆಂದು ಆ ವಯಸ್ಸಿನ ಮಕ್ಕಳಿಗೆ ಗೊತ್ತಿರುವುದಿಲ್ಲವೆಂದು ನಂಬಬೇಡಿ.

ಮೂರನೆಯ ಉತ್ತರ

ವೈದ್ಯೆಯವರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಮತ. ನನ್ನದು ಒಂಟಿ ಮನೆ. ಕರೆ ಮಾಡಿದರೆ ಪೊಲೀಸರು ಬರುವುದಕ್ಕೆ ಒಂದು ಗಂಟೆಯಾದರೂ ಬೇಕು, ಮಕ್ಕಳು ದೊಡ್ಡವರಾಗಿ ಬೇರೆ ಇದ್ದಾರೆ. ನಾನು ಬಂದೂಕು ಇಟ್ಟುಕೊಂಡಿದ್ದೇನೆ, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಸಹಾಯಕ್ಕೆ ಯಾರೂ ಬಾರದ ಕಡೆ ಇರುವವನಿಗೆ ನಗರದ ಲೆಕ್ಕವನ್ನೇ ಒಪ್ಪಿಸುವುದು ಸರಿಯಲ್ಲ. ಆದರೆ ಪ್ರಶ್ನೆ ಕೇಳಿದವರ ಪರಿಸ್ಥಿತಿ ನನ್ನದಲ್ಲ ಎಂಬುದನ್ನು ಒಪ್ಪುತ್ತೇನೆ.

ನಾಲ್ಕನೆಯ ಉತ್ತರ

ನಿಮ್ಮ ತಾಯಿ ರಾತ್ರಿ ಎದ್ದು ಓಡಾಡುತ್ತಾರೆಂದು ಬರೆದ ಸಾಲಿನ ಮೇಲೆಯೇ ನನ್ನ ಕಣ್ಣು ನಿಂತಿತು. ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ 2013ರ ಫೆಬ್ರವರಿ 14ರ ನಸುಕಿನಲ್ಲಿ ಮುಚ್ಚಿದ ಶೌಚಾಲಯದ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿದರು. ಒಳಗಿದ್ದ ಗೆಳತಿ ರೀವಾ ಸ್ಟೀನ್‌ಕ್ಯಾಂಪ್ ಸತ್ತರು. ಒಳಗೆ ಕಳ್ಳ ನುಗ್ಗಿದ್ದಾನೆಂದು ಭಾವಿಸಿದ್ದೆ ಎಂಬುದು ಅವರ ವಾದ. 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ಕೊಲೆಯೆಂದೇ ತೀರ್ಮಾನಿಸಿತು. ಬಾಗಿಲ ಹಿಂದೆ ಇದ್ದವರು ಯಾರೇ ಆಗಿರಲಿ, ಗುಂಡು ಹಾರಿಸಿದರೆ ಅವರು ಸಾಯಬಹುದೆಂದು ತಿಳಿದೇ ಹಾರಿಸಿದ್ದಾರೆ ಎಂಬುದು ನ್ಯಾಯಾಲಯದ ನಿಲುವು. ಅಂದರೆ ಒಳಗಿದ್ದವನು ನಿಜವಾಗಿ ಕಳ್ಳನೇ ಆಗಿದ್ದರೂ ಆ ವಾದ ಅವರನ್ನು ಉಳಿಸುತ್ತಿರಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿಯೇ ಪರಿಹಾರವೂ ಇದೆ ಎನಿಸುತ್ತದೆ. ಬಂದವನು ದೀಪ ಮತ್ತು ಕೂಗಿಗೇ ಓಡಿಹೋದ. ಸೋತದ್ದು ಎರಡು ಗಿಡ್ಡ ಸ್ಕ್ರೂಗಳು. ಅವುಗಳ ಬದಲು ಚೌಕಟ್ಟನ್ನು ದಾಟಿ ಗೋಡೆಗೆ ಇಳಿಯುವ ಉದ್ದನೆಯ ಸ್ಕ್ರೂ ಹಾಕಿಸಿ, ಮಲಗುವ ಕೋಣೆಯ ಬಾಗಿಲಿಗೂ ಒಳಗಿನಿಂದ ಗಟ್ಟಿ ಚಿಲಕ ಇರಲಿ, ಸದ್ದಾದಾಗ ಎಲ್ಲರೂ ಯಾವ ಕೋಣೆಗೆ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಸದ್ದಿಗೆ ಎಚ್ಚರವಾಗಿ ಹೊರಗೆ ಬಂದಾಗ ನಡುಮನೆಯ ಕತ್ತಲಲ್ಲಿ ಗೋಡೆ ಹಿಡಿದು ನಿಂತಿದ್ದವರು ನನ್ನ ತಾಯಿ. ಒಂದು ಕ್ಷಣ ನನಗೆ ಗುರುತು ಸಿಗಲಿಲ್ಲ. ಪರವಾನಗಿಯ ಅರ್ಜಿಯನ್ನು ಕೈಬಿಟ್ಟಿದ್ದೇನೆ. ಇಂದು ಬಡಗಿ ಬಂದು ಹಿಂಬಾಗಿಲಿಗೆ ಹೊಸ ಚಿಲಕ ಹಾಕಿ ಹೋದರು, ಅಮ್ಮ ನಡೆಯುವ ದಾರಿಗೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪವನ್ನೂ ಹಾಕಿಸಿದ್ದೇನೆ.