ಬಾಡಿಗಿ ಮನಿ, ಕೂಲರ್ ತಗಡು ಜುಮ್ ಅಂತದ. ನಾವೇ ಕೈ ಹಚ್ಚಬಹುದಾ?

ಸೇಡಂ ರಸ್ತೆ (ಪ್ರಶ್ನೆ)

ಕಲಬುರಗಿಯೊಳಗ ಬಾಡಿಗಿ ಮನಿ, ತಗಡಿನ ಕೂಲರ್. ಬರೇ ಫ್ಯಾನ್ ಹಚ್ಚಿದ್ರ ಏನೂ ಇಲ್ಲ. ಪಂಪ್ ಹಚ್ಚಿದ ಕೂಡಲೇ ತಗಡು ಮುಟ್ಟಿದ್ರ ಜುಮ್ ಅಂತದ. ಮಾಲಕರು "ಕರೆಂಟಿನ ಯಾವ ಸಾಮಾನಿಗೂ ಕೈ ಹಚ್ಚಬ್ಯಾಡ್ರಿ, ನಾಳಿ ಏನರೆ ಆದ್ರ ನನ್ನ ತಲಿಗಿ ಬರ್ತದ" ಅಂತಾರ. ಪಂಪಿನ ಮ್ಯಾಲ ಸ್ಟಿಕ್ಕರ್ ಅದ, ಹರದ್ರ ವಾರಂಟಿ ಹೋಯ್ತು. ಏಪ್ರಿಲ್ ತಿಂಗಳಾಗ ಇಷ್ಟು ಸಣ್ಣ ಕೆಲಸಕ್ಕ ಮೆಕ್ಯಾನಿಕ್ ಬರಂಗಿಲ್ಲ. ಬಂದ್ರೂ ಹೊಸಾ ಪಂಪ್ ಹಾಕಿ ಹೋಗ್ತಾನ.

ಮೊದಲೆಲ್ಲ ಫ್ಯೂಸ್ ಹೋದ್ರ ಮನಿಯವರೇ ತಂತಿ ಕಟ್ಟತಿದ್ರು. ಈಗ ಪ್ಲಗ್ ಬಿಚ್ಚಲಿಕ್ಕೂ ಯಾರನ್ನರೆ ಕೇಳಬೇಕು. ನಾವು ಮಾಡಬಹುದಾದದ್ದು ಯಾವುದು, ಮುಟ್ಟಬಾರದ್ದು ಯಾವುದು?

ಪಾನಾ ಪಕ್ಕಡ್

ಮೊದಲು ಪ್ಲಗ್ ಕಿತ್ತು ಕೈಯಾಗ ಹಿಡಕೋರಿ. ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ. ಹಳೇ ಬೋರ್ಡಿನಾಗ ಸ್ವಿಚ್ ಫೇಸ್ (ಕರೆಂಟ್ ತರೋ ವೈರ್) ಬಿಟ್ಟು ನ್ಯೂಟ್ರಲ್ (ವಾಪಸ್ ಒಯ್ಯೋ ವೈರ್) ಮ್ಯಾಲ ಕುಂತಿರ್ತದ. ಅಂಥಲ್ಲಿ ಸ್ವಿಚ್ ಬಂದ್ ಇದ್ರೂ ಕೂಲರ್ ಒಳಗ ಫೇಸ್ ಇದ್ದೇ ಇರ್ತದ.

ಜುಮ್ ಅಂತದ ಅಂದ್ರ ಎರಡು ತಪ್ಪು ಕೂಡ್ಯಾವ. ಪಂಪ್ ಲೀಕ್ ಆಗ್ಯದ, ಅದು ಒಂದು. ಅರ್ಥಿಂಗ್, ಅಂದ್ರ ತಗಡಿನಿಂದ ನೆಲಕ್ಕ ಹೋಗೋ ಹಸಿರು ವೈರಿನ ದಾರಿ, ತುಂಡಾಗ್ಯದ, ಅದು ಇನ್ನೊಂದು. ಅರ್ಥಿಂಗ್ ಸರಿ ಇತ್ತಂದ್ರ ಲೀಕಾದ ಕರೆಂಟ್ ಆ ಹಸಿರು ವೈರಿನಾಗ ಹೋಗ್ತಿತ್ತು, ನಿಮ್ಮ ಮೈಯಾಗ ಹೋಗ್ತಿರಲಿಲ್ಲ. ಹೊಸಾ ಪಂಪ್ ಹಾಕಿ ಕೈ ಝಾಡಿಸಿಕೊಂಡ ಮೆಕ್ಯಾನಿಕ್ ಅರ್ಧ ಕೆಲಸ ಮಾಡ್ಯಾನ. ಮುಂದಿನ ಪಂಪ್ ಲೀಕ್ ಆದ ದಿನ ಮತ್ತ ಅದೇ ಕಥಿ.

ಪಂಪ್ ಪರೀಕ್ಷಾ ನೀರಾಗ ಇಟ್ಟೇ ಮಾಡ್ರಿ, ಒಣಗಿದ ಪಂಪ್ ಚಲೋನೇ ತೋರಸ್ತದ. ಪಂಪಿನ ಎರಡೂ ವೈರ್ ಕೂಲರಿನ ಸ್ವಿಚ್ಚಿನಿಂದ ಬಿಡಿಸಿ, ತುದಿ ಎರಡೂ ಕೂಡಿಸ್ರಿ. ಮಲ್ಟಿಮೀಟರ್ 20 ಮೆಗಾಓಮ್‌ಗೆ ಇಟ್ಟು ಒಂದು ಕಡ್ಡಿ ಅದಕ್ಕ, ಇನ್ನೊಂದು ಟಾಕಿ ನೀರಿಗಿ. 1 ಮೆಗಾಓಮ್‌ಗಿಂತ ಕಮ್ಮಿ ಬಂತಂದ್ರ ಆ ಪಂಪ್ ತೆಗದು ಒಗೀರಿ. ಒಂದು ಮಾತು: ಮಲ್ಟಿಮೀಟರಿನ ಬ್ಯಾಟರಿ ಸಣ್ಣದು, ಖರೇ ಇನ್ಸುಲೇಶನ್ (ಕರೆಂಟ್ ಹೊರಗ ಬರದಂಗ ತಡಿಯೋ ಹೊದಿಕಿ) ಪರೀಕ್ಷಾ 500 ವೋಲ್ಟ್ ಹಚ್ಚಿ ಅಳಿಯೋ ಮೆಗ್ಗರ್ ಅನ್ನೋ ಮೀಟರಿನಾಗ ಆಗ್ತದ. ಮೀಟರ್ "ಕೆಟ್ಟದ" ಅಂದ್ರ ನಂಬ್ರಿ, "ಚಲೋ ಅದ" ಅಂದ್ರ ಪೂರಾ ನಂಬಬ್ಯಾಡ್ರಿ.

ಪಂಪ್ ಒಳಗ ಬಿಚ್ಚಬ್ಯಾಡ್ರಿ, ಸ್ಟಿಕ್ಕರಿನ ಅಂಜಿಕಿಗಿ ಅಲ್ಲ. ಒಳಗಿನ ಕಾಯಿಲ್ ಎಪಾಕ್ಸಿಯೊಳಗ ಮುಚ್ಚಿರ್ತದ. ಅದು ಒಮ್ಮಿ ಬಿರುಕು ಬಿಟ್ರ ಮನಿಯಾಗ ಮತ್ತ ನೀರು ಹೋಗಧಂಗ ಮುಚ್ಚಲಿಕ್ಕ ಬರಂಗಿಲ್ಲ. ಮ್ಯಾಲ ಎಂ-ಸೀಲ್ ಮೆತ್ತಿ ನಡಸವರು ಅದಾರ, ಅದು ಬ್ಯಾಡ. ಆದ್ರ ವೈರ್ ನೋಡ್ರಿ. ತಗಡಿನ ತೂತಿನಾಗ ರಬ್ಬರ್ ವಾಷರ್ ಇಲ್ಲದಲ್ಲಿ ಅಂಚು ತಿಕ್ಕಿ ತಿಕ್ಕಿ ವೈರ್ ಸುಲಿದಿರ್ತದ, ಪಂಪಿನ ಮ್ಯಾಲ ಸುಮ್ನ ಹೆಸರು ಬರ್ತದ.

ಈಗ ಅರ್ಥಿಂಗ್. ಪ್ಲಗಿನ ಮೂರು ಪಿನ್ನಿನಾಗ ದಪ್ಪಂದು, ಉದ್ದಂದು ಅರ್ಥ್. ಹಾಕೋ ಮುಂದ ಎಲ್ಲಕ್ಕಿಂತ ಮೊದಲು ಕೂಡಲಿ, ಕೀಳೋ ಮುಂದ ಕಡೀಕ ಬಿಡಲಿ ಅಂತ ಅದನ್ನ ಉದ್ದ ಮಾಡ್ಯಾರ. ಆ ಪಿನ್ನಿನಿಂದ ತಗಡಿಗೆ 1 ಓಮ್‌ಗಿಂತ ಕಮ್ಮಿ ಬರಬೇಕು. ಬರಲಿಲ್ಲಂದ್ರ ಪ್ಲಗ್ ಬಿಚ್ಚಿ ಹಸಿರು ವೈರ್ ನೋಡ್ರಿ, ಆಮ್ಯಾಲ ತಗಡಿನ ಕಡಿ ಸ್ಕ್ರೂ. ಭಾಳ ಕೂಲರಿನಾಗ ಆ ಸ್ಕ್ರೂ ಬಣ್ಣದ ಮ್ಯಾಲೇ ಕುಂತಿರ್ತದ, ತಗಡಿಗೆ ಹತ್ತಿರಂಗಿಲ್ಲ. ಮರಳ ಕಾಗದ ಹಚ್ಚಿ ತಗಡು ಹೊಳಿಯೋ ತನಕ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗೀರಿ.

ದೀಪದ ಟೆಸ್ಟರ್ ಮ್ಯಾಲ ತೀರ್ಮಾನ ಬ್ಯಾಡ, ಬಾಜೂ ವೈರಿನಿಂದ ಬರೋ ಸಣ್ಣ ಇಂಡಕ್ಷನ್ನಿಗೂ ಹೊಳೀತದ. ಮತ್ತ ಹಸಿ ಶಹಾಬಾದಿ ಪರಶಿ ಮ್ಯಾಲ ಬರಿಗಾಲಿಲೆ ನಿಂತು ಯಾವ ಪರೀಕ್ಷಾನೂ ಬ್ಯಾಡ.

ಕಲಂ ಉಪಕಲಂ

ಗೆರೆ ಎಲ್ಲಿದೆ ಎಂದು ಕೇಳಿದ್ದೀರಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಅದು 29ನೇ ನಿಯಮದಲ್ಲಿತ್ತು, 2023ರ ಹೊಸ ನಿಯಮಾವಳಿಯಲ್ಲೂ ಉಳಿದಿದೆ. ವಿದ್ಯುತ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರೇ ಮಾಡಬೇಕು. ಆದರೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟಿನೊಳಗಿನ ಮನೆಬಳಕೆಯ ಉಪಕರಣ ಇವುಗಳನ್ನು ಬದಲಿಸುವುದಕ್ಕೆ ಈ ನಿರ್ಬಂಧವಿಲ್ಲ. ಷರತ್ತು ಒಂದೇ, ಜೋಡಣೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. 6 ಆಂಪಿಯರ್ ಸಾಕೆಟ್ಟಿನ ಜಾಗಕ್ಕೆ ಅಂಥದ್ದೇ ಇನ್ನೊಂದು ಹಾಕಿದರೆ ಸರಿ. ಅದೇ ತೆಳು ವೈರಿಗೆ 16 ಆಂಪಿಯರಿನದು ಹಾಕಿದರೆ, ಅಥವಾ ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಗೆರೆ ದಾಟಿದಿರಿ. ಮೊದಲಿನವರು ಫ್ಯೂಸ್ ಕಟ್ಟುತ್ತಿದ್ದರು, ನಿಜ. ಪದೇ ಪದೇ ಹೋಗುತ್ತದೆಂದು ಸೈಕಲ್ ಕಡ್ಡಿ ದಪ್ಪದ ತಂತಿ ಕಟ್ಟಿದವರೂ ಅವರೇ.

ಬಾಡಿಗೆ ವಿಚಾರಕ್ಕೆ 2021ರ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿ ಓದಿ. ಸ್ವಿಚ್, ಸಾಕೆಟ್ ರಿಪೇರಿ ಬಾಡಿಗೆದಾರರ ಪಾಲು, ಒಳಗಿನ ಹೊರಗಿನ ವೈರಿಂಗ್ ಮಾಲೀಕರ ಪಾಲು. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಕಾನೂನು. ಆದರೂ ಕರಾರುಪತ್ರದಲ್ಲಿ ಬರೆದುಕೊಳ್ಳಲು ಒಳ್ಳೆಯ ಹಂಚಿಕೆ.

ವಾರಂಟಿ ಸ್ಟಿಕ್ಕರಿನ ಬಗ್ಗೆ: ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಇಂಥ ಷರತ್ತಿಗಾಗಿ ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಅದು ಅಲ್ಲಿಯ ಕಾನೂನು, ಅದನ್ನು ನಂಬಿ ಇಲ್ಲಿ ಸ್ಟಿಕ್ಕರ್ ಹರಿಯಬೇಡಿ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೇ ಕಲಂ ಪ್ರಕಾರ ವಸ್ತುವನ್ನು ಮಾರ್ಪಡಿಸಿದ್ದರೆ ಮಾರಿದವರ ಮೇಲೆ ಉತ್ಪನ್ನ ಹೊಣೆಯ ದಾವೆ (ವಸ್ತುವಿನ ದೋಷದಿಂದಾದ ಹಾನಿಗೆ ಪರಿಹಾರ ಕೇಳುವುದು) ನಿಲ್ಲುವುದಿಲ್ಲ. ಹಾಗಾಗಿ ಪಂಪ್ ವಾರಂಟಿಯಲ್ಲಿದ್ದರೆ ಇಡಿಯಾಗಿ ಮರಳಿಸಿ, ಬಿಲ್ ಇಟ್ಟುಕೊಳ್ಳಿ. ಕೊಡುವುದಿಲ್ಲ ಎಂದರೆ ಗ್ರಾಹಕ ಸಹಾಯವಾಣಿ 1915.

ನಿಮ್ಮ ಮಾಲೀಕರ ಹೆದರಿಕೆ ಸುಳ್ಳಲ್ಲ, ಗುರಿ ತಪ್ಪಿದೆ ಅಷ್ಟೆ. ಪ್ಲಗ್ ಬಿಚ್ಚಬೇಡಿ ಎನ್ನುತ್ತಾರೆ, ಅರ್ಥ್ ಗುಂಡಿ (ಅರ್ಥ್ ವೈರನ್ನು ಪೈಪಿನ ಮೂಲಕ ಮಣ್ಣಿಗೆ ಸೇರಿಸುವ ಗುಂಡಿ) ಕಡೆಯದಾಗಿ ಯಾವಾಗ ಪರೀಕ್ಷೆ ಮಾಡಿಸಿದರು ಎಂದು ಕೇಳಿ ನೋಡಿ.

ಸೇಡಂ ರಸ್ತೆ

ಪಂಪ್ 0.2 ಮೆಗಾಓಮ್ ತೋರಸ್ತು. ಸ್ಕ್ರೂ ಬಣ್ಣದ ಮ್ಯಾಲೇ ಇತ್ತು, ತಿಕ್ಕಿದ ಮ್ಯಾಲ 0.6 ಓಮ್. ಈ ಕಡಿ ಸರಿ ಆಯ್ತು. ಗ್ವಾಡಿ ಸಾಕೆಟ್ಟಿನಾಗ ಅರ್ಥ್ ಖರೇ ಅದನೋ ಇಲ್ಲೋ ಹೆಂಗ ತಿಳೀಬೇಕ್ರಿ?

ಎರಿ ಹೊಲ

ಮಲ್ಟಿಮೀಟರ್ 750 ವೋಲ್ಟ್ ಎಸಿಗಿ ಇಡ್ರಿ. ಫೇಸ್–ನ್ಯೂಟ್ರಲ್ 230ರ ಆಜುಬಾಜು, ಫೇಸ್–ಅರ್ಥ್ ಹೆಚ್ಚುಕಮ್ಮಿ ಅಷ್ಟೇ. ಫೇಸ್–ಅರ್ಥ್ ಅರ್ಧಕ್ಕ ಬಂದು ಅಲ್ಲಾಡಲಿಕ್ಕ ಹತ್ತಿದ್ರ ಅರ್ಥ್ ಇಲ್ಲಂತ ತಿಳೀರಿ. ಆದ್ರ ಸರಿ ಬಂತಂತ ಖುಷಿ ಪಡಬ್ಯಾಡ್ರಿ, ಒಣಾ ಗುಂಡಿ ಇದ್ರೂ ಮೀಟರ್ 230 ತೋರಸ್ತದ. ಖರೇ ಪರೀಕ್ಷಾ ಅರ್ಥ್ ಟೆಸ್ಟರಿಂದು, ಅದು ಲೈಸೆನ್ಸ್ ಇದ್ದವರ ಕೆಲಸ.

ನ್ಯೂಟ್ರಲ್–ಅರ್ಥ್ ನಡುವ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಇರ್ತದ. ಲೋಡ್ ಇದ್ದಾಗೂ ಪಕ್ಕಾ ಸೊನ್ನಿ ಬಂತಂದ್ರ ಅನುಮಾನ ಪಡ್ರಿ. ಅರ್ಥ್ ಗುಂಡಿ ತೋಡದ ಮಿಸ್ತ್ರಿ ಸಾಕೆಟ್ ಒಳಗ ನ್ಯೂಟ್ರಲಿನಿಂದ ಅರ್ಥಿಗೆ ಒಂದು ಗೇಣಿನ ತುಂಡು ವೈರ್ ಹಾಕಿರ್ತಾನ. ದಿನಾ ಏನೂ ಆಗಂಗಿಲ್ಲ. ನ್ಯೂಟ್ರಲ್ ಎಲ್ಲರೆ ಕಡೀತು ಅಂದ್ರ ಕೂಲರ್, ಫ್ರಿಜ್, ಗೀಜರ್ ತಗಡೆಲ್ಲ 230 ವೋಲ್ಟ್. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಲೀಕ್ ಕಂಡ್ರ ತಾನೇ ಸಪ್ಲೈ ಕಡಿಯೋ ಸ್ವಿಚ್) ಇದ್ರೂ ಪಂಪಿನ ಲೀಕ್ ಅದಕ್ಕ ಕಾಣಂಗಿಲ್ಲ, ಯಾಕಂದ್ರ ಲೀಕಾದ ಕರೆಂಟ್ ಅದೇ ನ್ಯೂಟ್ರಲಿಲೆ ವಾಪಸ್ ಬರ್ತದ. ಎಂಸಿಬಿ ಅಂತೂ ಶಾಕಿಗಿ ಅಲ್ಲವೇ ಅಲ್ಲ, ಅದು ವೈರ್ ಸುಡದಂಗ ಕಾಯ್ತದ.

ನೋಡಬೇಕಂದ್ರ ಮೇನ್ ಬಂದ್ ಮಾಡ್ರಿ, ಇನ್ವರ್ಟರೂ ಬಂದ್ ಮಾಡ್ರಿ. ಮೇನ್ ಬಂದ್ ಆದ್ರ ಇನ್ವರ್ಟರ್ "ಕರೆಂಟ್ ಹೋಯ್ತು" ಅಂತ ತಿಳಕೊಂಡು ತಾನೇ ಸಪ್ಲೈ ಕೊಡ್ತದ. ಆಮ್ಯಾಲ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಬರೇ ನೋಡ್ರಿ. ತುಂಡು ವೈರ್ ಕಂಡ್ರ ಫೋಟೋ ತಗೊಂಡು ಮುಚ್ಚಿ, ಮಾಲಕರಿಗೆ ಕಳಸ್ರಿ. ಅದನ್ನ ತೆಗದು ಖರೇ ಅರ್ಥ್ ಎಳೆಯೋದು ವೈರಿಂಗ್ ಕೆಲಸ, ಅವರ ಪಾಲು.

ಗುಂಡಿ ಇದ್ದೂ ಬ್ಯಾಸಿಗಿಯಾಗ ಕೆಲಸ ಮಾಡದಿರೋದು ನಮ್ಮ ಎರಿ ಮಣ್ಣಿನ ಗುಣ. ಒಣಗಿ ಬಾಯಿ ಬಿಟ್ಟಾಗ ಮಣ್ಣು ಪೈಪಿನಿಂದ ಸರಿದು ನಿಲ್ತದ. ಕೂಲರ್ ನಡಿಯೋ ಮೂರು ತಿಂಗಳೇ ಅರ್ಥಿಂಗ್ ಭಾಳ ಕೆಟ್ಟಿರ್ತದ. ವಾರಕ್ಕ ಎರಡು ಸಲ ಒಂದೊಂದು ಬಕೆಟ್ ನೀರು ಆ ಗುಂಡಿಗಿ ಹಾಕ್ರಿ, ಅದಕ್ಕ ಯಾರ ಪರವಾನಗಿನೂ ಬೇಕಾಗಿಲ್ಲ.

ಪಾನಾ ಪಕ್ಕಡ್

ಹೊಸಾ ಪಂಪ್ ಕೂಡಿಸೋ ಮುಂದ ವೈರ್ ಒಂದು ಕಡಿ ಕೆಳಗ ಜೋಲಿ ಬಿದ್ದು ಮ್ಯಾಲ ಏರಂಗ ಇಡ್ರಿ, ಇಲ್ಲಂದ್ರ ನೀರು ವೈರ್ ಹಿಡಕೊಂಡು ಸ್ವಿಚ್ಚಿಗಿ ಹೋಗ್ತದ. ಬೋರ್ ನೀರಿನ ಬಿಳಿ ಸುಣ್ಣ ಪಂಪಿನ ಫಂಕಾ ಹಿಡೀತದ, ವಾರಕ್ಕೊಮ್ಮಿ ಟಾಕಿ ಖಾಲಿ ಮಾಡಿ ಜಾಳಿಗಿ ತೊಳೀರಿ. ನೀರು ತುಂಬೋ ಮುಂದ ಪ್ಲಗ್ ಹೊರಗ.